ಹಿಡಿತದ ಪಾಠ: ಮಲನಿಯಂತ್ರಣಕ್ಕೆ ಬಯೋಫೀಡ್‌ಬ್ಯಾಕ್

ಮಲ ತಡೆದುಕೊಳ್ಳಲಾಗದ ತೊಂದರೆಗೆ ಇರುವ ಚಿಕಿತ್ಸೆಗಳಲ್ಲಿ ಬಯೋಫೀಡ್‌ಬ್ಯಾಕ್ ಬೇರೆಯದೇ ಜಾತಿಯದು. ಇದರಲ್ಲಿ ನುಂಗುವ ಗುಳಿಗೆ ಇಲ್ಲ, ಕತ್ತರಿ ಹೊಲಿಗೆ ಇಲ್ಲ. ಇರುವುದೆಲ್ಲ ಪಾಠ ಮತ್ತು ಅಭ್ಯಾಸ. ಗುದದ್ವಾರದ ಸುತ್ತಲಿನ ಸ್ನಾಯುಗಳು ಯಾವಾಗ ಬಿಗಿಯುತ್ತವೆ, ಎಷ್ಟು ಬಿಗಿಯುತ್ತವೆ, ಎಷ್ಟು ಹೊತ್ತು ಬಿಗಿಯಾಗಿ ನಿಲ್ಲುತ್ತವೆ ಎಂಬುದನ್ನು ಬೆರಳಿಗಿಂತ ಸಣ್ಣ ಉಪಕರಣವೊಂದು ಅಳೆಯುತ್ತದೆ. ಅಳೆದದ್ದು ಆ ಕ್ಷಣದಲ್ಲೇ ಪರದೆಯ ಮೇಲೆ ಏರಿಳಿಯುವ ಗೆರೆಯಾಗಿ ಕಾಣುತ್ತದೆ. ಕಣ್ಣಿಗೆ ಕಾಣದ, ಬಹುಪಾಲು ಜನ ಎಂದೂ ಗಮನವೇ ಕೊಡದ ಸ್ನಾಯುವೊಂದು ಏನು ಮಾಡುತ್ತಿದೆ ಎಂಬುದನ್ನು ರೋಗಿ ನೋಡುತ್ತ ನೋಡುತ್ತ ಅದನ್ನು ತನ್ನ ಮಾತಿಗೆ ಒಗ್ಗಿಸಿಕೊಳ್ಳುತ್ತಾರೆ. ಕಲಿತ ಮೇಲೆ ಪರದೆಯೂ ಬೇಡ, ಉಪಕರಣವೂ ಬೇಡ.

ಆರೋಗ್ಯವಂತ ದೇಹ ಮಲವನ್ನು ಹಿಡಿದಿಡುವ ಬಗೆ ತಿಳಿದರೆ ಈ ಪಾಠದ ಅಗತ್ಯವೂ ತಿಳಿಯುತ್ತದೆ. ದೊಡ್ಡ ಕರುಳಿನ ಕೊನೆಯ ಭಾಗ ಮಲಾಶಯ. ಅದರ ಕೆಳಗೆ ಸುಮಾರು 4 ಸೆಂಟಿಮೀಟರ್ ಉದ್ದದ ಗುದನಾಳ. ಈ ನಾಳವನ್ನು ಎರಡು ವರ್ತುಲ ಸ್ನಾಯುಗಳು ಒಂದರ ಹೊರಗೊಂದು ಸುತ್ತಿಕೊಂಡಿವೆ. ಒಳಗಿನದು ನಮ್ಮ ಇಚ್ಛೆಗೆ ಒಳಪಟ್ಟಿಲ್ಲ. ಹಗಲು ರಾತ್ರಿ, ನಿದ್ದೆಯಲ್ಲೂ ಅದು ತನ್ನಷ್ಟಕ್ಕೆ ಬಿಗಿದುಕೊಂಡೇ ಇರುತ್ತದೆ. ಗುದನಾಳದಲ್ಲಿ ಸದಾ ಇರುವ ಒತ್ತಡದಲ್ಲಿ ಶೇ 70ರಿಂದ 80ರಷ್ಟು ಇದರ ಕೊಡುಗೆ. ಹೊರಗಿನದು ಕೈಕಾಲಿನ ಸ್ನಾಯುಗಳ ಹಾಗೆ ನಮ್ಮ ಇಚ್ಛೆಗೆ ಕಟ್ಟುಬಿದ್ದದ್ದು. ಬೇಕೆಂದಾಗ ಬಲವಾಗಿ ಬಿಗಿಯಬಲ್ಲದು, ಆದರೆ ಬೇಗ ದಣಿಯುತ್ತದೆ. ಪೂರ್ತಿ ಬಲದ ಬಿಗಿ ಒಂದು ನಿಮಿಷದ ಆಸುಪಾಸಿನಲ್ಲೇ ಸಡಿಲವಾಗುತ್ತದೆ. ಇವೆರಡರ ಜೊತೆಗೆ ಮೂರನೆಯದೊಂದು ಇದೆ. ಪ್ಯೂಬೊರೆಕ್ಟಾಲಿಸ್ ಎಂಬ ಈ ಸ್ನಾಯು ಮುಂಭಾಗದ ಮೂಳೆಯಿಂದ ಹೊರಟು, ಮಲಾಶಯ ಗುದನಾಳವನ್ನು ಸೇರುವಲ್ಲಿ ಹಿಂದಿನಿಂದ ಬಳಸಿ, ಮತ್ತೆ ಮುಂದಕ್ಕೆ ಬಂದು ಸೇರಿಕೊಳ್ಳುತ್ತದೆ. ಅದರ ಎಳೆತಕ್ಕೆ ದಾರಿ ಸುಮಾರು ಲಂಬಕೋನದಷ್ಟು ಬಾಗಿ ಮಡಿಚಿಕೊಳ್ಳುತ್ತದೆ. ಗಟ್ಟಿ ಮಲವನ್ನು ತಡೆಯುವುದರಲ್ಲಿ ಈ ಮಡಿಕೆಯ ಪಾಲು ದೊಡ್ಡದು.

ಸ್ನಾಯುಬಲ ಕಥೆಯ ಅರ್ಧ ಮಾತ್ರ. ಮಲ ಮಲಾಶಯಕ್ಕೆ ಇಳಿದು ಅದರ ಗೋಡೆ ಹಿಗ್ಗಿದಾಗ ಒಳಗಿನ ವರ್ತುಲ ಸ್ನಾಯು ತಾನಾಗಿ ಒಂದಷ್ಟು ಸಡಿಲವಾಗುತ್ತದೆ. ಬಂದದ್ದು ಗುದನಾಳದ ಮೇಲ್ತುದಿಯ ಸೂಕ್ಷ್ಮ ಪೊರೆಗೆ ತಾಗುತ್ತದೆ; ಅದು ಗಾಳಿಯೋ, ನೀರೋ, ಗಟ್ಟಿಯೋ ಎಂದು ಆ ಪೊರೆಯಲ್ಲಿ ಹೆಣೆದುಕೊಂಡ ನರಗಳು ಗುರುತಿಸುತ್ತವೆ. ಈ ಪರೀಕ್ಷೆ ಗಂಟೆಗೆ ಹಲವು ಬಾರಿ ನಮಗೆ ತಿಳಿಯದಂತೆಯೇ ನಡೆಯುತ್ತಿರುತ್ತದೆ. ಒಳಸ್ನಾಯು ಸಡಿಲಾದ ಆ ಹೊತ್ತಿನಲ್ಲೇ ಹೊರಸ್ನಾಯು ಬಿಗಿದುಕೊಂಡು ಬಾಗಿಲು ಕಾಯುತ್ತದೆ. ಜಾಗ, ಸಮಯ ಸರಿಯಿಲ್ಲ ಎಂದಾದರೆ ಬಿಗಿ ಮುಂದುವರಿಯುತ್ತದೆ, ಮಲಾಶಯ ಹೊಸ ಗಾತ್ರಕ್ಕೆ ಹೊಂದಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ, ಒಳಸ್ನಾಯು ಮತ್ತೆ ಮುಚ್ಚಿಕೊಳ್ಳುತ್ತದೆ. ಬಸ್ಸಿನಲ್ಲಿ ಕೂತವರು ಊರು ಬರುವವರೆಗೆ ತಡೆದುಕೊಳ್ಳುವುದು ಹೀಗೆ. ಸಕಾಲದಲ್ಲಿ ತಿಳಿಯುವುದು, ತಿಳಿದೊಡನೆ ಬಿಗಿಯುವುದು, ಸಾಕಷ್ಟು ಹೊತ್ತು ಬಿಗಿದಿರುವುದು: ಈ ಮೂರರಲ್ಲಿ ಒಂದು ತಪ್ಪಿದರೂ ಹಿಡಿತ ತಪ್ಪುತ್ತದೆ.

ತಪ್ಪುವ ಬಗೆ ಎರಡು. ಮೊದಲನೆಯದರಲ್ಲಿ ರೋಗಿಗೆ ಒತ್ತರ ಗೊತ್ತಾಗುತ್ತದೆ, ಕಕ್ಕಸು ತಲುಪುವಷ್ಟು ಹೊತ್ತು ತಡೆಯಲಾಗುವುದಿಲ್ಲ. ಸಾಮಾನ್ಯವಾಗಿ ಇದು ಹೊರಸ್ನಾಯುವಿನ ದೌರ್ಬಲ್ಯ. ಎರಡನೆಯದರಲ್ಲಿ ಏನೂ ತಿಳಿಯದೆಯೇ ಬಟ್ಟೆಗೆ ಸೋರಿರುತ್ತದೆ; ಒಳಸ್ನಾಯು ಸೋತಿರುವುದು ಅಥವಾ ಮಲಾಶಯದ ಸಂವೇದನೆ ಮಂದವಾಗಿರುವುದು ಇದರ ಹಿಂದಿರುತ್ತದೆ. ಕೆಲವರಲ್ಲಿ ಎರಡೂ ಬೆರೆತಿರುತ್ತವೆ.

ಕಾರಣಗಳ ಸಾಲಿನಲ್ಲಿ ಹೆಂಗಸರ ಮಟ್ಟಿಗೆ ಮುಂದೆ ನಿಲ್ಲುವುದು ಹೆರಿಗೆ. ಮಗು ಹೊರಬರುವಾಗ ಆಗುವ ಸೀಳು ಕೆಲವೊಮ್ಮೆ ವರ್ತುಲ ಸ್ನಾಯುವಿನವರೆಗೂ ಹೋಗುತ್ತದೆ; ಚಿಮುಟದ ಹೆರಿಗೆಯಲ್ಲಿ ಈ ಅಪಾಯ ಹೆಚ್ಚು. ಸೆಳೆತಕ್ಕೆ ಸಿಕ್ಕಿ ಆ ಭಾಗದ ನರ ಕುಂದುವುದೂ ಉಂಟು. 1993ರಲ್ಲಿ ಲಂಡನ್ನಿನ ವೈದ್ಯರು ಚೊಚ್ಚಲ ಹೆರಿಗೆಯಾದ ಹೆಂಗಸರನ್ನು ಒಳಗಿನಿಂದ ಅಲ್ಟ್ರಾಸೌಂಡ್ ಮಾಡಿ ನೋಡಿದಾಗ, ಹೊರಗೆ ಏನೂ ಕಾಣದಿದ್ದರೂ ಸುಮಾರು ಮೂರರಲ್ಲಿ ಒಬ್ಬರಿಗೆ ವರ್ತುಲ ಸ್ನಾಯುವಿನಲ್ಲಿ ಬಿರುಕು ಕಂಡಿತ್ತು. ಅವರಲ್ಲಿ ಬಹುತೇಕರಿಗೆ ಆಗ ತೊಂದರೆ ಇರಲಿಲ್ಲ. ವಯಸ್ಸಾಗಿ ಉಳಿದ ಸ್ನಾಯುವೂ ಸೊರಗಿದ ಮೇಲೆ, ಹೆರಿಗೆಯಾಗಿ ದಶಕಗಳೇ ಕಳೆದ ಬಳಿಕ, ಆ ಹಳೆಯ ಗಾಯ ಲೆಕ್ಕ ಕೇಳುವುದುಂಟು. ಮೂಲವ್ಯಾಧಿ, ಭಗಂದರಗಳ ಶಸ್ತ್ರಚಿಕಿತ್ಸೆ, ಬಹುಕಾಲದ ಮಧುಮೇಹ, ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ಹೊಟ್ಟೆಯ ಕೆಳಭಾಗಕ್ಕೆ ಕೊಟ್ಟ ವಿಕಿರಣ ಚಿಕಿತ್ಸೆ, ಬಿಡದ ಭೇದಿ ಇವೂ ಕಾರಣಗಳೇ. ವಿಚಿತ್ರವೆಂದರೆ ಮಲಬದ್ಧತೆಯಿಂದಲೂ ಸೋರಿಕೆ ಬರುತ್ತದೆ. ಮಲಾಶಯದಲ್ಲಿ ಗಟ್ಟಿ ಮಲ ಗೂಟದಂತೆ ಕೂತಾಗ ಅದರ ಸುತ್ತಲಿನಿಂದ ನೀರುಮಲ ಇಳಿಯುತ್ತದೆ. ಹಾಸಿಗೆ ಹಿಡಿದ ವೃದ್ಧರಲ್ಲಿ ಇದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಕಷ್ಟ ಇಮ್ಮಡಿಯಾಗುತ್ತದೆ.

ಇದು ಅಪರೂಪದ ಕಾಯಿಲೆಯಲ್ಲ. ಅಮೆರಿಕದ ರಾಷ್ಟ್ರಮಟ್ಟದ ಸಮೀಕ್ಷೆಯೊಂದರಲ್ಲಿ, ಆರೈಕೆ ಕೇಂದ್ರಗಳಲ್ಲಲ್ಲದೆ ಮನೆಗಳಲ್ಲೇ ಬದುಕುತ್ತಿರುವ ವಯಸ್ಕರಲ್ಲಿ ಶೇ 8ಕ್ಕಿಂತ ತುಸು ಹೆಚ್ಚು ಜನ ತಿಂಗಳಿಗೊಮ್ಮೆಯಾದರೂ ಹೀಗಾಗುತ್ತದೆ ಎಂದಿದ್ದರು. ವೈದ್ಯರ ಮುಂದೆ ಮಾತ್ರ ಈ ಸಂಗತಿ ಬಾಯಿಗೆ ಬರುವುದಿಲ್ಲ. ಹೊಟ್ಟೆ ಸರಿಯಿಲ್ಲ, ಭೇದಿ, ಪೈಲ್ಸ್ ಎಂದೆಲ್ಲ ಹೇಳಿ ಎದ್ದು ಬರುವವರೇ ಹೆಚ್ಚು. ಮದುವೆ ಮುಂಜಿಗೆ ಹೋಗುವುದು ನಿಲ್ಲುತ್ತದೆ, ದೇವಸ್ಥಾನ ಬಿಟ್ಟುಹೋಗುತ್ತದೆ, ದೂರದ ಪ್ರಯಾಣದ ದಿನ ಊಟವೇ ತಪ್ಪುತ್ತದೆ. ನಾಚಿಕೆಯನ್ನು ಗೌರವಿಸಿ ವೈದ್ಯರೇ ನೇರವಾಗಿ ಕೇಳುವುದು ಒಳ್ಳೆಯದು, ಕೇಳಿದರೆ ಹೇಳುತ್ತಾರೆ.

ಬಯೋಫೀಡ್‌ಬ್ಯಾಕ್‌ನ ಬೇರು ಎರಡು ಕಡೆ ಇದೆ. ಒಂದು ಸ್ತ್ರೀರೋಗ ವಿಭಾಗದಲ್ಲಿ. ಅಮೆರಿಕದ ಆರ್ನಲ್ಡ್ ಕೆಗೆಲ್ 1948ರಲ್ಲಿ ಹೆರಿಗೆಯ ನಂತರ ಮೂತ್ರ ಸೋರುವ ಹೆಂಗಸರಿಗೆ ಸೊಂಟಗೂಡಿನ ತಳದ ಸ್ನಾಯುಗಳ ವ್ಯಾಯಾಮವನ್ನು ಬರೆದು ಪ್ರಕಟಿಸಿದರು. ಇವತ್ತು ಕೆಗೆಲ್ ವ್ಯಾಯಾಮ ಎಂದರೆ ಸುಮ್ಮನೆ ಬಿಗಿದು ಬಿಡುವುದು ಎಂದಷ್ಟೇ ಉಳಿದಿದೆ. ಅವರು ಬಿಗಿತವನ್ನು ಮುಳ್ಳಿನ ಮೇಲೆ ತೋರಿಸುವ ಒತ್ತಡಮಾಪಕವನ್ನೂ ಮಾಡಿಕೊಟ್ಟಿದ್ದರು. ಸರಿಯಾದ ಸ್ನಾಯು ಬಿಗಿಯುತ್ತಿದೆಯೇ ಎಂದು ಹೆಂಗಸರು ತಾವೇ ನೋಡಿಕೊಳ್ಳುತ್ತಿದ್ದರು. ಇನ್ನೊಂದು ಬೇರು ಮನೋವಿಜ್ಞಾನದ ಪ್ರಯೋಗಾಲಯದಲ್ಲಿ. ಹೃದಯಬಡಿತ, ಕರುಳಿನ ಚಲನೆಗಳಂಥ ಅನೈಚ್ಛಿಕ ಕ್ರಿಯೆಗಳನ್ನೂ ಬಹುಮಾನದ ಮೂಲಕ ಕಲಿಸಬಹುದು ಎಂದು 1960ರ ದಶಕದಲ್ಲಿ ನೀಲ್ ಮಿಲ್ಲರ್ ಇಲಿಗಳ ಮೇಲಿನ ಪ್ರಯೋಗಗಳಿಂದ ವಾದಿಸಿದರು. ಆ ಫಲಿತಾಂಶಗಳಲ್ಲಿ ಕೆಲವನ್ನು ಮತ್ತೆ ಪಡೆಯಲು ಮುಂದೆ ಅವರಿಗೇ ಆಗಲಿಲ್ಲ. ಆದರೂ ದೇಹದ ಒಳಗಿನ ಸುದ್ದಿಯನ್ನು ಹೊರಗೆ ತೋರಿಸಿದರೆ ಮನುಷ್ಯ ಅದನ್ನು ಬಳಸಿಕೊಂಡಾನು ಎಂಬ ವಿಚಾರ ಬೇರುಬಿಟ್ಟಿತು.

ಈ ವಿಚಾರವನ್ನು ಮಲನಿಯಂತ್ರಣಕ್ಕೆ ತಂದವರು ಬಾಲ್ಟಿಮೋರ್‌ನ ಬರ್ನಾರ್ಡ್ ಎಂಗೆಲ್, ಪರ್ವೀಜ್ ನಿಕುಮನೇಶ್ ಮತ್ತು ಮಾರ್ವಿನ್ ಶುಸ್ಟರ್. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 1974ರಲ್ಲಿ ಬಂದ ಅವರ ಲೇಖನದಲ್ಲಿ ಇದ್ದದ್ದು ಆರು ರೋಗಿಗಳು. ಮಲಾಶಯದಲ್ಲಿ ಸಣ್ಣ ಬಲೂನು ಉಬ್ಬಿಸಿ, ಒಳಸ್ನಾಯು ಸಡಿಲಾಗುವ ಅದೇ ಹೊತ್ತಿಗೆ ಹೊರಸ್ನಾಯುವನ್ನು ಬಿಗಿಯುವುದನ್ನು ಅವರಿಗೆ ಕಲಿಸಲಾಯಿತು. ನಾಲ್ಕು ಪಾಠಗಳ ಒಳಗೇ ಕಲಿಕೆ ಮುಗಿದಿತ್ತು. ಆರು ತಿಂಗಳಿಂದ ಐದು ವರ್ಷಗಳವರೆಗೆ ಗಮನಿಸಿದಾಗ ನಾಲ್ವರಿಗೆ ಪೂರ್ತಿ ಹಿಡಿತ ಬಂದಿತ್ತು, ಇಬ್ಬರು ಚೆನ್ನಾಗಿಯೇ ಸುಧಾರಿಸಿದ್ದರು. ಹೋಲಿಸಿ ನೋಡಲು ಬೇರೆ ಗುಂಪು ಇಲ್ಲದ ಆರೇ ಜನರ ಅಧ್ಯಯನ ಅದು. ಆದರೂ ಒಂದು ಸೂಕ್ಷ್ಮವನ್ನು ಅದು ಮೊದಲಿಗೇ ಹಿಡಿದಿತ್ತು: ಸ್ನಾಯುವಿನ ಬಲದಷ್ಟೇ ಅದು ಬಿಗಿಯುವ ಸಮಯವೂ ಮುಖ್ಯ.

ಇಂದು ಚಿಕಿತ್ಸೆ ಶುರುವಾಗುವುದು ವಿಚಾರಣೆಯಿಂದ. ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿನಲ್ಲಿ, ಮಲ ಗಟ್ಟಿಯೋ ತೆಳುವೋ ಎಂದು ರೋಗಿ ಎರಡು ವಾರವಾದರೂ ಬರೆದಿಟ್ಟರೆ ಅರ್ಧ ದಾರಿ ತೆರೆಯುತ್ತದೆ. ಮಲದ ರೂಪವನ್ನು ಬ್ರಿಸ್ಟಲ್ ಪಟ್ಟಿಯ ಏಳು ಚಿತ್ರಗಳಲ್ಲಿ ಒಂದಕ್ಕೆ ಬೆರಳಿಟ್ಟು ತೋರಿಸಿದರೆ ಸಾಕು, ವರ್ಣಿಸುವ ಮುಜುಗರ ತಪ್ಪುತ್ತದೆ. ವೈದ್ಯರು ಬೆರಳಿಂದ ಪರೀಕ್ಷಿಸುತ್ತಾರೆ. ಆಮೇಲೆ ಗುದನಾಳದ ಮನೋಮೆಟ್ರಿ: ಒತ್ತಡ ಅಳೆಯುವ ಸಂವೇದಕಗಳಿರುವ ತೆಳು ನಳಿಕೆಯನ್ನು ಒಳಗಿಟ್ಟು, ಸುಮ್ಮನಿದ್ದಾಗಿನ ಒತ್ತಡ, ಬಿಗಿದಾಗಿನ ಒತ್ತಡ, ಕೆಮ್ಮಿದಾಗಿನ ಪ್ರತಿಕ್ರಿಯೆಗಳನ್ನು ದಾಖಲಿಸುತ್ತಾರೆ. ನಳಿಕೆಯ ತುದಿಯ ಬಲೂನಿಗೆ ಸ್ವಲ್ಪ ಸ್ವಲ್ಪವಾಗಿ ಗಾಳಿ ತುಂಬಿ, ಮೊದಲು ತಿಳಿದದ್ದು ಎಷ್ಟಕ್ಕೆ, ಅವಸರವಾದದ್ದು ಎಷ್ಟಕ್ಕೆ, ಇನ್ನು ತಡೆಯಲಾರೆ ಎನಿಸಿದ್ದು ಎಷ್ಟಕ್ಕೆ ಎಂದು ಕೇಳುತ್ತಾರೆ. ಸ್ನಾಯು ಹರಿದಿದೆಯೇ ಎಂದು ತಿಳಿಯಲು ಅಲ್ಟ್ರಾಸೌಂಡ್ ಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಮಲದ ರೂಢಿ ಈಚೆಗೆ ಬದಲಾಗಿರುವುದು ಇದ್ದರೆ ಮೊದಲು ಕರುಳಿನ ತಪಾಸಣೆ ಆಗಬೇಕು. ಸೊಂಟನೋವಿನ ಜೊತೆ ತೊಡೆಸಂದಿಯಲ್ಲಿ ಜೋಮು ಹಿಡಿದು ಇದ್ದಕ್ಕಿದ್ದಂತೆ ಹಿಡಿತ ತಪ್ಪಿದರೆ ಅದು ತುರ್ತು. ಅದೇ ದಿನ ಆಸ್ಪತ್ರೆ ಸೇರಬೇಕು.

ಪಾಠ ಸಾಮಾನ್ಯವಾಗಿ ನಾಲ್ಕರಿಂದ ಆರು ಬೈಠಕ್‌ಗಳದು, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ನಡುವೆ ಒಂದೆರಡು ವಾರಗಳ ಬಿಡುವು. ಕಲಿಸುವವರು ತರಬೇತಿ ಪಡೆದ ದಾದಿ, ಫಿಸಿಯೋಥೆರಪಿಸ್ಟ್ ಅಥವಾ ವೈದ್ಯರು. ಕೋಣೆಯಲ್ಲಿ ಮರೆ ಇರಬೇಕು, ರೋಗಿ ಬಯಸಿದರೆ ಹೆಂಗಸರಿಗೆ ಹೆಂಗಸರೇ ಕಲಿಸಬೇಕು. ನಮ್ಮ ಕಡೆ ಈ ಒಂದು ಏರ್ಪಾಟಿಲ್ಲದ್ದಕ್ಕೇ ಎರಡನೆಯ ಪಾಠಕ್ಕೆ ಬಾರದೆ ಹೋಗುವವರು ಇದ್ದಾರು. ರೋಗಿ ಎಡಮಗ್ಗುಲಲ್ಲಿ ಮಲಗುತ್ತಾರೆ, ಪರದೆ ಕಣ್ಣೆದುರು ಇರುತ್ತದೆ. ಒತ್ತಡದ ನಳಿಕೆಯ ಬದಲು ಸ್ನಾಯುವಿನ ವಿದ್ಯುತ್ ಚಟುವಟಿಕೆ ಹಿಡಿಯುವ ಸಣ್ಣ ಕಡ್ಡಿ ಅಥವಾ ಚರ್ಮಕ್ಕೆ ಅಂಟಿಸುವ ಬಿಲ್ಲೆಗಳನ್ನೂ ಬಳಸಬಹುದು. ನೋವಿರುವುದಿಲ್ಲ, ಇರಿಸುಮುರಿಸು ಇರುತ್ತದೆ.

ಮೊದಲ ಕೆಲಸ ಸರಿಯಾದ ಸ್ನಾಯುವನ್ನು ಹುಡುಕುವುದು. ಬಿಗಿಯಿರಿ ಎಂದರೆ ಹಲವರು ಹೊಟ್ಟೆಯನ್ನು ಬಿಗಿಯುತ್ತಾರೆ, ಪಿರ್ರೆ ತೊಡೆಗಳನ್ನು ಒತ್ತುತ್ತಾರೆ, ಉಸಿರು ಹಿಡಿಯುತ್ತಾರೆ. ಹೊಟ್ಟೆ ಬಿಗಿದರೆ ಮಲಾಶಯದ ಮೇಲಿನ ಒತ್ತಡವೇ ಏರಿ ಸೋರುವುದಕ್ಕೆ ಸಹಾಯ ಮಾಡಿದಂತಾಗುತ್ತದೆ. ಪರದೆಯಲ್ಲಿ ಹೊಟ್ಟೆಗೊಂದು ಗೆರೆ, ಗುದಸ್ನಾಯುವಿಗೊಂದು ಗೆರೆ ಇರುವುದರಿಂದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಮೊದಲನೆಯದು ಏಳದೆ ಎರಡನೆಯದು ಮಾತ್ರ ಏರುವವರೆಗೆ ಪ್ರಯತ್ನ. ಆಮೇಲೆ ಹತ್ತು ಸೆಕೆಂಡು ಹಿಡಿಯುವುದು, ಬಿಟ್ಟು ಸುಧಾರಿಸಿಕೊಳ್ಳುವುದು, ಮತ್ತೆ ಹಿಡಿಯುವುದು. ಕ್ರಮೇಣ ಎತ್ತರವೂ ಅವಧಿಯೂ ಹೆಚ್ಚುತ್ತವೆ.

ಎರಡನೆಯದು ಸಂವೇದನೆಯ ಪಾಠ, ಬಯೋಫೀಡ್‌ಬ್ಯಾಕ್‌ನ ನಿಜವಾದ ಹೆಚ್ಚುಗಾರಿಕೆ ಕಾಣುವುದು ಇಲ್ಲಿ. ಬಲೂನನ್ನು ರೋಗಿಗೆ ಸ್ಪಷ್ಟವಾಗಿ ತಿಳಿಯುವಷ್ಟು ಉಬ್ಬಿಸಿ, ಬಳಿಕ ಪ್ರತಿ ಸಲವೂ ಗಾಳಿಯನ್ನು ಸ್ವಲ್ಪ ಕಡಿಮೆ ಮಾಡುತ್ತ ಹೋಗುತ್ತಾರೆ. ಮೊದಲು 60 ಮಿಲಿಲೀಟರಿಗೆ ತಿಳಿಯುತ್ತಿದ್ದವರಿಗೆ ಅಭ್ಯಾಸದ ಮೇಲೆ ಅದಕ್ಕಿಂತ ಎಷ್ಟೋ ಕಡಿಮೆಗೂ ತಿಳಿಯತೊಡಗಬಹುದು. ಮಧುಮೇಹದಿಂದ ನರ ಮಂದವಾದವರಿಗೆ ಇದರಿಂದ ಸಿಗುವುದು ಕೆಲವು ಸೆಕೆಂಡುಗಳ ಮುನ್ಸೂಚನೆ. ಕೆಲವು ಸೆಕೆಂಡೆಂದರೆ ಕಕ್ಕಸಿನ ಬಾಗಿಲವರೆಗಿನ ದೂರ. ಇದಕ್ಕೆ ತಿರುಗಾದ ತೊಂದರೆಯವರೂ ಇದ್ದಾರೆ. ಸ್ವಲ್ಪ ತುಂಬಿದರೂ ಅವರಿಗೆ ತಡೆಯಲಾರದ ಅವಸರ. ಅಂಥವರಿಗೆ ಗಾಳಿಯನ್ನು ನಿಧಾನವಾಗಿ ಹೆಚ್ಚಿಸುತ್ತ ಸಹಿಸುವುದನ್ನು ಕಲಿಸುತ್ತಾರೆ.

ಮೂರನೆಯದು ಎರಡನ್ನೂ ಕೂಡಿಸುವುದು. ಬಲೂನು ಉಬ್ಬಿದ್ದು ತಿಳಿದ ಕ್ಷಣವೇ ಬಿಗಿಯಬೇಕು, ಒಳಸ್ನಾಯು ಮತ್ತೆ ಮುಚ್ಚಿಕೊಳ್ಳುವವರೆಗೆ ಬಿಗಿ ಬಿಡಬಾರದು. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಲು ಕಲಿಯುವವರು ದನಿ ಜಾರಿದ್ದನ್ನು ಕೇಳಿಸಿಕೊಂಡು ತಿದ್ದಿಕೊಳ್ಳುವ ಹಾಗೆ, ಗೆರೆ ತಡವಾಗಿ ಏರಿದ್ದನ್ನು ಕಂಡು ರೋಗಿ ತಿದ್ದಿಕೊಳ್ಳುತ್ತಾರೆ. ಕೊನೆಯ ಹೊತ್ತಿಗೆ ಪರದೆಯನ್ನು ಆಚೆ ತಿರುಗಿಸಿ ಇದನ್ನೇ ಮಾಡಿಸುತ್ತಾರೆ. ನೋಡದೆಯೂ ಆಗುತ್ತದೆ ಎಂದಾದರೆ ಕಲಿತಂತೆ.

ಮೂಲಬಂಧ, ಅಶ್ವಿನೀ ಮುದ್ರೆಗಳನ್ನು ಬಲ್ಲವರಿಗೆ ಇದೆಲ್ಲ ಕೇಳಿದಂತೆ ಅನ್ನಿಸಬಹುದು. ಗುದವನ್ನು ಸಂಕೋಚಿಸುವ ಈ ಕ್ರಿಯೆಗಳು ಹಠಯೋಗದ ಹಳೆಯ ಗ್ರಂಥಗಳಲ್ಲಿ ಇವೆ, ಕೆಲಸ ಮಾಡುವ ಸ್ನಾಯುಗಳೂ ಬಹುಮಟ್ಟಿಗೆ ಅವೇ. ಮನೆಯ ಅಭ್ಯಾಸಕ್ಕೆ ಅವು ಒದಗಿಯಾವು. ಆದರೆ ಅಲ್ಲಿ ಅಳತೆಯಿಲ್ಲ. ಹೊಟ್ಟೆ ಬಿಗಿಯುವವರು ವರ್ಷವಿಡೀ ಹೊಟ್ಟೆಯನ್ನೇ ಬಿಗಿದಾರು. ಮಲಾಶಯದ ಸಂವೇದನೆಯ ಪಾಠವಂತೂ ಬಲೂನಿಲ್ಲದೆ ನಡೆಯುವಂಥದಲ್ಲ.

ಬೈಠಕ್‌ಗಳ ನಡುವೆ ಮನೆಯಲ್ಲಿ ದಿನಕ್ಕೆ ಹಲವು ಸಲ ವ್ಯಾಯಾಮ ಮಾಡಲೇಬೇಕು. ಜೊತೆಗೆ ಬರುವ ಸಲಹೆಗಳು ಸಪ್ಪೆ ಎನ್ನಿಸಿದರೂ ಅವುಗಳ ಪಾಲು ದೊಡ್ಡದು. ಬೆಳಿಗ್ಗೆ ಎದ್ದಾಗ ಮತ್ತು ತಿಂದ ಮೇಲೆ ಕರುಳು ಚುರುಕಾಗುವುದರಿಂದ, ತಿಂಡಿಯಾದ ಮೇಲೆ ಅವಸರವಿಲ್ಲದೆ ಕಕ್ಕಸಿಗೆ ಹೋಗುವ ರೂಢಿ. ಕಾಫಿ ಕರುಳನ್ನು ಕೆರಳಿಸುತ್ತದೆ. ಫಿಲ್ಟರ್ ಕಾಫಿ ಕುಡಿದೇ ಬಸ್ಸು ಹತ್ತುವವರು ಇದನ್ನು ನೆನಪಿಡಬೇಕು. ಹಾಲು ಜೀರ್ಣವಾಗದವರಿಗೆ ಹಾಲೇ ಶತ್ರು. ಮಲ ತೆಳುವಾದಷ್ಟೂ ಹಿಡಿಯುವುದು ಕಷ್ಟವಾದ್ದರಿಂದ ಲೋಪೆರಮೈಡ್‌ನಂಥ ಮಾತ್ರೆಯನ್ನು ವೈದ್ಯರು ಅಳೆದು ಕೊಡುತ್ತಾರೆ. ಮಲಬದ್ಧತೆಗೆಂದು ಮನೆಮನೆಯಲ್ಲಿರುವ ಇಸಬ್‌ಗೋಲ್ ಇಲ್ಲಿಯೂ ಉಪಯುಕ್ತ. ನೀರನ್ನು ಹೀರಿ ಮಲಕ್ಕೆ ಮೈಕಟ್ಟು ಕೊಡುತ್ತದೆ. ಅಮೆರಿಕದಲ್ಲಿ ಹಲವು ನಾರುಗಳನ್ನು ಹೋಲಿಸಿದ 2014ರ ಅಧ್ಯಯನದಲ್ಲಿ ಸೋರಿಕೆಯನ್ನು ಕಡಿಮೆ ಮಾಡಿದ್ದು ಇದೇ.

ಫಲವೆಷ್ಟು ಎಂಬಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಕ್ರಿಸ್ಟೀನ್ ನಾರ್ಟನ್ ಮತ್ತು ಸಂಗಡಿಗರು 171 ರೋಗಿಗಳನ್ನು ನಾಲ್ಕು ಗುಂಪು ಮಾಡಿದರು: ಬರೀ ಸಲಹೆ, ಸಲಹೆ ಮತ್ತು ವ್ಯಾಯಾಮ, ಆಸ್ಪತ್ರೆಯಲ್ಲಿ ಬಯೋಫೀಡ್‌ಬ್ಯಾಕ್, ಅದರ ಮೇಲೆ ಮನೆಗೂ ಒಂದು ಯಂತ್ರ. 2003ರಲ್ಲಿ ಬಂದ ಫಲಿತಾಂಶದಲ್ಲಿ ನಾಲ್ಕೂ ಗುಂಪುಗಳಲ್ಲಿ ಸುಮಾರು ಅರ್ಧದಷ್ಟು ಜನ ಸುಧಾರಿಸಿದ್ದರು. ಯಂತ್ರ ಹೆಚ್ಚೇನೂ ಕೊಟ್ಟಿರಲಿಲ್ಲ. ಉತ್ತರ ಕೆರೊಲಿನಾದ ಸ್ಟೀವ್ ಹೇಮನ್ ತಂಡ ಬೇರೆ ದಾರಿ ಹಿಡಿಯಿತು. ಮೊದಲು ಎಲ್ಲರಿಗೂ ಸಲಹೆ, ಔಷಧ ಕೊಟ್ಟು, ಅದರಿಂದಲೇ ಗುಣ ಕಂಡವರನ್ನು ಬಿಟ್ಟು, ಉಳಿದ 108 ಜನರನ್ನು ಎರಡು ಗುಂಪು ಮಾಡಿತು. ಮೂರು ತಿಂಗಳ ಬಳಿಕ ಸಾಕಷ್ಟು ಪರಿಹಾರ ಸಿಕ್ಕಿತು ಎಂದವರು ಬಯೋಫೀಡ್‌ಬ್ಯಾಕ್ ಗುಂಪಿನಲ್ಲಿ ಶೇ 76, ಬರೀ ವ್ಯಾಯಾಮದ ಗುಂಪಿನಲ್ಲಿ ಶೇ 41. ಇದು 2009ರ ವರದಿ. ಹತ್ತು ವರ್ಷದ ನಂತರ ಅಮೆರಿಕದಲ್ಲೇ 300 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಬಯೋಫೀಡ್‌ಬ್ಯಾಕ್‌ಗೂ ತಿಳಿವಳಿಕೆಯ ಕೈಪಿಡಿಗೂ 24 ವಾರಗಳಲ್ಲಿ ಗಣನೀಯ ಅಂತರ ಕಾಣಲಿಲ್ಲ. ಎಲ್ಲ ಗುಂಪುಗಳೂ ಸುಧಾರಿಸಿದ್ದವು.

ಇವನ್ನು ಒಟ್ಟಿಗಿಟ್ಟು ಓದಿದರೆ ವಿರೋಧ ಅಷ್ಟು ಗಾಢವಲ್ಲ. ಸಮಾಧಾನದಿಂದ ಕೇಳಿಸಿಕೊಂಡು, ಆಹಾರ, ಮಲದ ಹದ, ಕಕ್ಕಸಿನ ರೂಢಿಗಳನ್ನು ಸರಿಪಡಿಸಿದರೇ ಬಹಳಷ್ಟು ಜನರಿಗೆ ಗುಣ ಸಿಗುತ್ತದೆ. ಅಂಥವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಯಂತ್ರದ ಕೊಡುಗೆ ಕರಗಿಹೋಗುತ್ತದೆ. ಅದರಿಂದ ಗುಣವಾಗದೆ ಉಳಿದವರಿಗೆ, ಅದರಲ್ಲೂ ಸರಿಯಾದ ಸ್ನಾಯು ಸಿಗದವರಿಗೆ ಮತ್ತು ಸಂವೇದನೆ ಮಂದವಾದವರಿಗೆ, ಪರದೆಯಿಂದ ಲಾಭವಿರುವಂತೆ ಕಾಣುತ್ತದೆ. ಆದ್ದರಿಂದ ಮೊದಲ ಭೇಟಿಯಲ್ಲೇ ದುಬಾರಿ ಪ್ಯಾಕೇಜು ಮುಂದಿಡುವ ಕಡೆ ರೋಗಿ ಎರಡು ಸಲ ಯೋಚಿಸುವುದು ಮೇಲು.

ಇದೇ ಯಂತ್ರಕ್ಕೆ ಇನ್ನೂ ಗಟ್ಟಿಯಾದ ಸಾಕ್ಷ್ಯ ಇರುವುದು ಎದುರುದಿಕ್ಕಿನ ತೊಂದರೆಯಲ್ಲಿ. ಕೆಲವು ಮಲಬದ್ಧತೆಯವರು ತಿಣುಕಿದಾಗ ಗುದಸ್ನಾಯು ಸಡಿಲಾಗುವ ಬದಲು ಬಿಗಿದುಕೊಳ್ಳುತ್ತದೆ. ಅವರಿಗೆ ಬಿಡುವುದನ್ನು ಕಲಿಸಬೇಕು. ನೀರು ತುಂಬಿದ ಬಲೂನನ್ನು ಹೊರಹಾಕುವ ಅಭ್ಯಾಸ ಈ ಪಾಠದ ಭಾಗ. ಇಟಲಿಯ ಜುಸೆಪ್ಪೆ ಕಿಯಾರಿಯೋನಿ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಪಾಠಗಳ ಬಯೋಫೀಡ್‌ಬ್ಯಾಕ್ ಪಡೆದವರಲ್ಲಿ ಆರು ತಿಂಗಳಿಗೆ ಶೇ 80 ಜನ ಗಮನಾರ್ಹವಾಗಿ ಸುಧಾರಿಸಿದರೆ, ಮಲ ಸಡಿಲಿಸುವ ಔಷಧ ಪಡೆದವರಲ್ಲಿ ಶೇ 22. ಸತೀಶ್ ರಾವ್ ಅವರ ತಂಡ ಅಮೆರಿಕದಲ್ಲಿ ಹುಸಿ ತರಬೇತಿಯೊಂದಿಗೆ ಹೋಲಿಸಿ ನೋಡಿದಾಗಲೂ ನಿಜವಾದ ಪಾಠವೇ ಮೇಲಾಯಿತು.

ಮಕ್ಕಳ ವಿಷಯ ಬೇರೆ. ಶಾಲೆಗೆ ಹೋಗುವ ಮಗು ಚಡ್ಡಿಯಲ್ಲೇ ಮಾಡಿಕೊಳ್ಳುತ್ತಿದ್ದರೆ ಹೆಚ್ಚಿನ ಸಲ ಅದರ ಹಿಂದೆ ತಡೆದಿಟ್ಟುಕೊಂಡು ಕಟ್ಟಿದ ಮಲಬದ್ಧತೆ ಇರುತ್ತದೆ. ಕಟ್ಟಿದ್ದನ್ನು ಔಷಧದಿಂದ ಬಿಡಿಸಿ, ಊಟದ ನಂತರ ಕೂರಿಸುವ ರೂಢಿ ಮಾಡಿಸಿದರೆ ಬಹುತೇಕ ಸರಿಹೋಗುತ್ತದೆ. ಬಯೋಫೀಡ್‌ಬ್ಯಾಕ್ ಸೇರಿಸಿದ್ದರಿಂದ ಹೆಚ್ಚು ಲಾಭ ಕಂಡಿಲ್ಲ. ಬೈಯುವುದರಿಂದ ನಷ್ಟವೇ ಹೆಚ್ಚು.

ಪಾಠ ಕಲಿಯಲು ರೋಗಿಗೆ ಸ್ವಲ್ಪವಾದರೂ ಸಂವೇದನೆ ಉಳಿದಿರಬೇಕು, ಸ್ನಾಯುವಿಗೆ ನರದ ಸಂಪರ್ಕ ಇರಬೇಕು, ಹೇಳಿದ್ದು ಅರ್ಥವಾಗಬೇಕು, ಮಾಡುವ ಮನಸ್ಸು ಇರಬೇಕು. ಬೆನ್ನುಹುರಿ ಪೂರ್ತಿ ತುಂಡಾದವರಿಗೆ, ಮರೆವಿನ ಕಾಯಿಲೆ ಬಲಿತವರಿಗೆ ಇದು ಹೊಂದುವುದಿಲ್ಲ. ಒಳಸ್ನಾಯು ಮಾತ್ರ ಸೋತಿದ್ದರೆ ಫಲ ಸೀಮಿತ, ಏಕೆಂದರೆ ಆ ಸ್ನಾಯು ವ್ಯಾಯಾಮಕ್ಕೆ ಬಗ್ಗುವುದಿಲ್ಲ. ಕಲಿತವರೂ ಅಭ್ಯಾಸ ಬಿಟ್ಟರೆ ಹಳೆಯ ಸ್ಥಿತಿಗೆ ಜಾರುವುದುಂಟು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಗಿ ಗೆರೆ ನೋಡಿಕೊಂಡು ಬರುವುದು ಅದಕ್ಕೇ. ಮನೋಮೆಟ್ರಿ ಮತ್ತು ಈ ತರಬೇತಿ ಎರಡನ್ನೂ ಬೆಂಗಳೂರಿನಂಥ ದೊಡ್ಡ ಊರುಗಳ ಆಸ್ಪತ್ರೆಗಳ ಗ್ಯಾಸ್ಟ್ರೋಎಂಟರಾಲಜಿ ವಿಭಾಗದಲ್ಲಿ ವಿಚಾರಿಸಬಹುದು. ಯಂತ್ರವಿಲ್ಲದ ಊರುಗಳಲ್ಲಿ, ತಳದ ಸ್ನಾಯುಗಳ ವ್ಯಾಯಾಮ ಬಲ್ಲ ಫಿಸಿಯೋಥೆರಪಿಸ್ಟ್ ಕೈಬೆರಳಿನ ಪರೀಕ್ಷೆಯಿಂದ ಸರಿಯಾದ ಸ್ನಾಯುವನ್ನು ಗುರುತಿಸಿಕೊಟ್ಟರೂ ಆರಂಭಕ್ಕೆ ಸಾಕು.

ಇಷ್ಟಾಗಿಯೂ ಸೋರಿಕೆ ನಿಲ್ಲದವರಿಗೆ ಮುಂದಿನ ಮೆಟ್ಟಿಲುಗಳಿವೆ. ಹೆರಿಗೆಯಲ್ಲಿ ಹರಿದ ಸ್ನಾಯುವನ್ನು ಹೊಲಿದು ಜೋಡಿಸುವ ಶಸ್ತ್ರಚಿಕಿತ್ಸೆ ಹಳೆಯದು. ಮೊದಲ ವರ್ಷಗಳ ಗುಣ ಕಾಲಕ್ರಮದಲ್ಲಿ ತಗ್ಗುವುದು ಅದರ ಮಿತಿ. ಬೆನ್ನಿನ ಕೆಳಗಿನ ತ್ರಿಕಾಸ್ಥಿಯ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ಸಾಧನವನ್ನು ಚರ್ಮದಡಿ ಇಡುವ ವಿಧಾನವನ್ನು ಜರ್ಮನಿಯ ಕ್ಲೌಸ್ ಮಾಟ್ಜೆಲ್ ಮತ್ತು ಸಂಗಡಿಗರು 1995ರಲ್ಲಿ ವರದಿ ಮಾಡಿದರು. ಮೊದಲು ಕೆಲವು ದಿನ ತಾತ್ಕಾಲಿಕವಾಗಿ ಹಾಕಿ ನೋಡಿ, ಗುಣ ಕಂಡರೆ ಮಾತ್ರ ಕಾಯಂ ಮಾಡುತ್ತಾರೆ, ಖರ್ಚು ಹೆಚ್ಚು. ಯಾವುದೂ ಫಲಿಸದಿದ್ದಾಗ ಕರುಳನ್ನು ಹೊಟ್ಟೆಯ ಮೇಲಕ್ಕೆ ತೆರೆದು ಚೀಲ ಕಟ್ಟುವುದು ಕಡೆಯ ದಾರಿ. ಹೆದರಿಕೆ ಹುಟ್ಟಿಸುವ ಆ ದಾರಿಯನ್ನು ಒಪ್ಪಿಕೊಂಡು, ಮನೆಬಿಟ್ಟು ಹೊರಗೆ ಓಡಾಡುವಂತಾದವರೂ ಇದ್ದಾರೆ.